ಉಂಗುರ ಬೆರಳಿನ ಹಸಿರು

ಮಾರ್ಚ್ ೪

ಅಕ್ಕಾ,

ಫೋನ್ ಮಾಡಿದರೆ "ಎಲ್ಲಾ ಚೆನ್ನಾಗಿದೆ, ಗಿರಾಕಿ ಬಂದ್ರು, ಇಡ್ತೀನಿ" ಎನ್ನುವುದು ಬಿಟ್ಟು ನೀನು ಬೇರೇನೂ ಹೇಳುವುದಿಲ್ಲ. ನನಗೋ ಉಗುರಿನ ಪುಡಿ ಮೆತ್ತಿದ ಕೈಯಲ್ಲಿ ಫೋನ್ ಹಿಡಿದರೆ ಫೋನೂ ಬಿಳಿ, ಕಿವಿಯೂ ಬಿಳಿ. ಅದಕ್ಕೇ ಕಾಗದ. ನಗಬೇಡ, ನನ್ನ ಅಕ್ಷರ ಇನ್ನೂ ಕಾಗೆಕಾಲು ಗುಬ್ಬಿಕಾಲೇ.

ಕೃತಕ ಉಗುರು ಹಾಕುವ ನನ್ನ ಅಂಗಡಿ ಶುರುವಾಗಿ ಇವತ್ತಿಗೆ ಹನ್ನೊಂದು ದಿನ. ಅಂಗಡಿ ಎಂದರೆ ದರ್ಜಿಯ ಪಕ್ಕದ ಒಂದು ಕೋಣೆ, ಒಂದು ಕಿಟಕಿ, ಎರಡು ಕುರ್ಚಿ, ನೀನು ಕೊಟ್ಟ ಮೇಜಿನ ದೀಪ. ಗೋಡೆಯ ಆಚೆ ದರ್ಜಿಯ ಮಿಷನ್ ಕಟಕಟ, ಈಚೆ ನನ್ನ ಫೈಲ್ ಕರಕರ. "ಇಬ್ರೂ ಸೇರಿ ಕಚೇರಿ ಕೊಡಿ, ನಾನು ತಾಳ ಹಾಕ್ತೀನಿ" ಎಂದು ಮನೆಯವರು ರೇಗಿಸುತ್ತಾರೆ.

ಎರಡು ವಿಷಯ ಕೇಳಬೇಕಿತ್ತು. ಒಂದು, ಹಾಕಿದ ಉಗುರು ವಾರ ತುಂಬುವ ಮೊದಲೇ ಬುಡದಲ್ಲಿ ಏಳುತ್ತಿದೆ. ಮೂವರು ಗಿರಾಕಿಗಳಿಗೆ ಹಾಗಾಯಿತು. ಒಬ್ಬಳಂತೂ "ನಿಮ್ಮ ಉಗುರು ನನ್ನ ಹಿಟ್ಟಿನ ಡಬ್ಬದಲ್ಲಿ ಸಿಕ್ತು" ಎಂದು ಕಾಗದದಲ್ಲಿ ಸುತ್ತಿ ವಾಪಸ್ ತಂದುಕೊಟ್ಟಳು. ಮಾನ ಹೋಯಿತು.

ಎರಡನೆಯದು ಗುಟ್ಟಿನದು. ಇಲ್ಲಿನ ಹೆರಿಗೆ ಆಸ್ಪತ್ರೆಯ ನರ್ಸ್ ಒಬ್ಬಳು ಬಂದಿದ್ದಳು. ಅಲ್ಲಿ ಕೃತಕ ಉಗುರು ಹಾಕಿಕೊಳ್ಳುವಂತಿಲ್ಲವಂತೆ. "ಹಾಕಿದ್ದು ಯಾರಿಗೂ ಗೊತ್ತಾಗ್ಬಾರ್ದು, ಆಗುತ್ತಾ?" ಎಂದಳು. ನಾನು ಎದೆ ತಟ್ಟಿಕೊಂಡು ಹೇಳಿದೆ: "ನಮ್ಮಕ್ಕ ಹಾಕಿದ್ರೆ ಉಗುರು ಕೊಟ್ಟ ದೇವರಿಗೂ ಗೊತ್ತಾಗಲ್ಲ!" ಹಿಂದೆ ನೀನು ಒಬ್ಬ ನರ್ಸಿಗೆ ಹಾಗೆ ಹಾಕುತ್ತಿದ್ದೆಯಲ್ಲ, ನಗುತ್ತಾ ಹೇಳಿದ್ದೆ. ಎಷ್ಟು ತೆಳುವಾಗಿ ಹಾಕುತ್ತಿದ್ದೆ? ಯಾವ ಪುಡಿಗೆ ಯಾವುದು ಬೆರೆಸುತ್ತಿದ್ದೆ? ಬೇಗ ಬರೆ. ಅವಳು ಮುಂದಿನ ವಾರ ಬರುತ್ತಾಳೆ.

ನಿನ್ನ ಚೂಟಿ


ಮಾರ್ಚ್ ೧೨

ಚೂಟಿ,

ಕಾಗೆಕಾಲು ಗುಬ್ಬಿಕಾಲು ಎಲ್ಲಾ ಓದಿದೆ. ಸಂತೋಷವಾಯಿತು. ಒಂದು ಕಿಟಕಿ ಎಂದು ಬರೆದಿದ್ದೀಯ, ಅದು ತೆರೆಯುತ್ತದೆಯೋ ಇಲ್ಲವೋ ಬರೆದಿಲ್ಲ. ಮೇಜು ಕಿಟಕಿಯ ಹತ್ತಿರ ಇರಲಿ. ಪುಡಿಗೆ ಬೆರೆಸುವ ಲಿಕ್ವಿಡ್ ಬಟ್ಟಲಿಗೆ ಮುಚ್ಚಳ ಹಾಕು, ಒರೆಸಿದ ಟಿಶ್ಯೂ ಕೂಡ ಮುಚ್ಚಳದ ಡಬ್ಬಿಗೇ ಹೋಗಲಿ. ಮಾಸ್ಕ್ ಇರುವುದು ಮೂಗಿಗೆ, ಗಲ್ಲಕ್ಕಲ್ಲ. ಗಾಟು ಹೊಡೆಯುವ ಅಗ್ಗದ ಲಿಕ್ವಿಡ್ ಯಾರಾದರೂ ಮಾರಲು ಬಂದರೆ ಹೊಸಿಲಿಂದಲೇ ಕಳಿಸು. ಅದು ಕಲ್ಲಿನ ಹಾಗೆ ಕೂರುತ್ತದೆ, ಏಳುವಾಗ ಕೆಳಗಿನ ಉಗುರನ್ನೂ ಕಿತ್ತುಕೊಂಡು ಏಳುತ್ತದೆ.

ಬುಡದಲ್ಲಿ ಏಳುವುದು ನೂರಕ್ಕೆ ತೊಂಬತ್ತು ಪಾಲು ನಿನ್ನ ಆತುರದಿಂದ. ಉಗುರಿನ ಮೇಲೆ ಹಬ್ಬಿರುವ ತೆಳುಪೊರೆ ತೆಗೆದೆಯಾ? ಜಿಡ್ಡು ಒರೆಸಿದೆಯಾ? ಒರೆಸಿದ ಮೇಲೆ ಸರಿಯಾಗಿದೆಯಾ ಎಂದು ಬೆರಳಲ್ಲಿ ಮುಟ್ಟಿ ನೋಡಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಮುಟ್ಟಿದರೆ ಮತ್ತೆ ಜಿಡ್ಡು. ಬ್ರಷ್ಷಿನ ತುದಿಯಲ್ಲಿ ಎತ್ತಿದ ಮಿಶ್ರಣದ ಮುತ್ತು ನೀರಾಗಿ ಹರಿಯಬಾರದು, ಪುಡಿಪುಡಿಯೂ ಆಗಬಾರದು. ಅದು ಚರ್ಮಕ್ಕೆ ತಾಗಲೇಬಾರದು, ಬುಡದಲ್ಲಿ ಕೂದಲೆಳೆಯಷ್ಟು ಜಾಗ ಬಿಡು. ತಾಗಿದರೆ ಅಲ್ಲಿಂದಲೇ ಏಳುತ್ತದೆ. ಜೊತೆಗೆ ಗಿರಾಕಿಗೆ ತುರಿಕೆ ಹತ್ತಿತೆಂದರೆ ಜನ್ಮಪೂರ್ತಿ ಬಿಡುವುದಿಲ್ಲ. ಫೈಲ್ ಹಗುರಾಗಿ ಹಿಡಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆಯನ್ನು ನಮ್ಮ ಕಸುಬಿನವರೇ ಕಟ್ಟಿರಬೇಕು.

ಗಟ್ಟಿಯಾದ ಮೇಲೆ ಬ್ರಷ್ಷಿನ ಹಿಡಿಯಿಂದ ತಟ್ಟು. ಟಕ್ ಎಂದರೆ ಸರಿ. ಎರಡು ಮೂರು ವಾರ ಕಳೆದು, ಬೆಳೆದ ಬುಡ ತುಂಬಿಸಿಕೊಳ್ಳಲು ಫಿಲ್ಲಿಂಗಿಗೆ ಬಂದಾಗ ಮತ್ತೆ ತಟ್ಟು. ಡಬ್ ಎಂದು ಪೊಳ್ಳು ಸದ್ದು ಬಂದರೆ ಒಳಗೆ ಎದ್ದಿದೆ ಎಂದರ್ಥ, ಎದ್ದ ಕಡೆ ನೀರು ನಿಲ್ಲುತ್ತದೆ. ಪಾತ್ರೆ ತೊಳೆಯುವಾಗ ಕೈಗವಸು ಹಾಕಿಕೊಳ್ಳಿ, ದಿನಾ ಬುಡಕ್ಕೆ ಎಣ್ಣೆ ಹಚ್ಚಿ, ಎದ್ದರೆ ಹಲ್ಲಿನಿಂದ ಕೀಳಬೇಡಿ ಎಂದು ಪ್ರತಿಯೊಬ್ಬರಿಗೂ ಹೇಳು. ಕೇಳುವುದಿಲ್ಲ, ಆದರೂ ಹೇಳು.

ಇಲ್ಲಿ ತೊಳೆಯುವ ಕೆಲಸಕ್ಕೆ ಐದು ತಿಂಗಳಿಂದ ಒಬ್ಬರು ಬರುತ್ತಿದ್ದಾರೆ. ಮೊದಲು ಆಸ್ಪತ್ರೆಯಲ್ಲಿದ್ದವರು, ಎಲ್ಲರೂ ಆಯಮ್ಮ ಎಂದೇ ಕರೆಯುತ್ತಾರೆ. ಅವರು ಒರೆಸಿದ ಸಿಂಕಿನಲ್ಲಿ ಮುಖ ನೋಡಿಕೊಳ್ಳಬಹುದು.

ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ: ಹಾಕಬೇಡ. ಆ ನರ್ಸಿಗೆ ಹಾಕಲೇಬೇಡ.

ಅವಳು ಉಗುರು ಕಚ್ಚುತ್ತಾಳಾ? ಎಡ ಹುಬ್ಬಿನಲ್ಲಿ ಗಾಯದ ಗುರುತಿದೆಯಾ? ಇದಕ್ಕೆ ಮಾತ್ರ ತಪ್ಪದೆ ಬರೆ.

ಅಕ್ಕ


ಮಾರ್ಚ್ ೧೯

ಅಕ್ಕಾ,

ಕಿಟಕಿಗೆ ಬಣ್ಣ ಬಳಿದು ಬಳಿದು ಚೌಕಟ್ಟೇ ಅಂಟಿಕೊಂಡಿತ್ತು. ದರ್ಜಿ ಬಂದು ಕತ್ತರಿ ತೂರಿಸಿ ಬಿಡಿಸಿಕೊಟ್ಟ. ಈಗ ಗಾಳಿ ಬರುತ್ತಿದೆ. ಮುಟ್ಟಿ ನೋಡುವ ಚಟವನ್ನೂ ಬಿಟ್ಟೆ. ಈ ವಾರ ಒಂದೂ ಏಳಲಿಲ್ಲ. ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು.

ಆದರೆ ಬೇಜಾರಾಗಿದೆ, ಮುಚ್ಚಿಡುವುದಿಲ್ಲ. ಕುಸ್ತಿಯ ಉಸ್ತಾದರು ಎಲ್ಲಾ ಪಟ್ಟು ಕಲಿಸಿ ಕೊನೆಯದೊಂದನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರಂತೆ. ನೀನೂ ಹಾಗೇ ಮಾಡಿದೆ. ನಾನೇನು ನಿನ್ನ ಬೀದಿಗೆ ಬಂದು ಅಂಗಡಿ ಹಾಕುತ್ತೇನಾ? ರೈಲಿನಲ್ಲಿ ಒಂದು ಹಗಲಿನ ದೂರವಿದೆ. ನಿನ್ನ ಗಿರಾಕಿಗಳು ನನ್ನ ಹತ್ತಿರ ಬರುವುದಿಲ್ಲ, ನನ್ನವರು ನಿನ್ನ ಹತ್ತಿರ ಬರುವುದಿಲ್ಲ. "ಹಾಕಬೇಡ" ಎಂದರೆ ಆಯಿತೇ? ಯಾಕೆ ಎಂದು ಒಂದು ಸಾಲು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಹುಬ್ಬು, ಗಾಯ ಎಂದು ನೀನೇನು ಪೊಲೀಸರ ಹಾಗೆ ಕೇಳುತ್ತೀಯ! ಗಿರಾಕಿಯ ಉಗುರು ನೋಡುವವಳಿಗೆ ಹುಬ್ಬು ಯಾಕೆ? ನೆನಪಿಲ್ಲ.

ಆ ಆಯಮ್ಮನನ್ನು ನನಗೆ ಕಳಿಸಿಬಿಡು. ಇಲ್ಲಿ ಗುಡಿಸಲು ಬರುವವಳು ಪೊರಕೆ ಹಿಡಿದುಕೊಂಡು ನಿಂತಲ್ಲೇ ನಿದ್ದೆ ಮಾಡುತ್ತಾಳೆ.

ಚೂಟಿ


ಏಪ್ರಿಲ್ ೬

ಚೂಟಿ,

ಎರಡು ವಾರವಾಯಿತು. ಮೂರು ಸಲ ಬರೆದು ಹರಿದೆ. ಪಟ್ಟು ಮುಚ್ಚಿಟ್ಟುಕೊಳ್ಳುವಷ್ಟು ಸಣ್ಣವಳಲ್ಲ ನಿನ್ನ ಅಕ್ಕ. ಕಾಣದ ಉಗುರು ಹಾಕುವುದನ್ನು ನಾನೇ ನಿಲ್ಲಿಸಿದ್ದೇನೆ. ಈಗ ಇಲ್ಲಿ ಕೆಂಪು, ನೇರಳೆ, ಕಡುನೀಲಿ, ಬೀದಿಯ ಆಚೆಯಿಂದಲೇ ಇದು ಹಾಕಿದ್ದು ಎಂದು ಗೊತ್ತಾಗುವಂಥವು ಮಾತ್ರ. ಹಳೆಯ ಗಿರಾಕಿಗಳು "ಮೇಡಂ ರುಚಿ ಕೆಟ್ಟಿದೆ" ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ನನಗೆ ಈಚೆಗೆ ಕಿವಿ ಸರಿಯಿಲ್ಲ. ಯಾರ ಉಗುರು ತಟ್ಟಿದರೂ ಡಬ್ ಎಂದೇ ಕೇಳುತ್ತದೆ. ಹೋದ ತಿಂಗಳು ಗಟ್ಟಿಯಾಗಿ ಕೂತಿದ್ದ ಉಗುರುಗಳನ್ನು ಎರಡು ಸಲ ಸುಮ್ಮನೆ ತೆಗೆದೆ. ಒಳಗೆ ಏನೂ ಇರಲಿಲ್ಲ. ಎದುರಿನ ಸಿಗ್ನಲ್ ದೀಪ ಹಸಿರಾದಾಗ ಗಾಜಿನಿಂದ ಹಾದು ನನ್ನ ಮೇಜಿನ ಟವೆಲಿನ ಮೇಲೆ ಬೀಳುತ್ತದೆ. ಅದು ಹೋಗುವವರೆಗೆ ನಾನು ಗಿರಾಕಿಯ ಕೈ ನೋಡುವುದಿಲ್ಲ. ಮಂಗಳವಾರ ನಾಲ್ಕು ಗಂಟೆಯ ಹೊತ್ತನ್ನು ಯಾರಿಗೂ ಕೊಡುವುದಿಲ್ಲ. ಆ ಕುರ್ಚಿ ಖಾಲಿ ಇರುತ್ತದೆ, ನಾನು ಅದರ ಎದುರು ಕೂತಿರುತ್ತೇನೆ. ಯಾರೋ ಕೈ ಚಾಚಿ ಟವೆಲಿನ ಮೇಲೆ ಇಟ್ಟ ಹಾಗಾಗುತ್ತದೆ.

ಒಂದು ಪಾಠ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಅಂಚು ಎದ್ದು ಒಳಗೆ ನೀರು ಸೇರಿದ ಕಡೆ ಉಗುರಿಗೆ ಹಸಿರು ಕಲೆ ಬೀಳುತ್ತದೆ. ಅದು ಬಣ್ಣವಲ್ಲ, ರೋಗಾಣು. ಕಂಡರೆ ಮೇಲಿನದನ್ನು ಪೂರ್ತಿ ತೆಗೆಯಬೇಕು, ಬಳಸಿದ ಫೈಲ್ ಎಸೆಯಬೇಕು, ಉಪಕರಣ ಕ್ರಿಮಿನಾಶಕದಲ್ಲಿ ಅದ್ದಬೇಕು. ಕಲೆ ಬೆಳೆದು ಹೋಗುವವರೆಗೆ ಆ ಬೆರಳಿಗೆ ಏನೂ ಹಾಕಕೂಡದು. ನೋವಿದ್ದರೆ ಡಾಕ್ಟರ ಹತ್ತಿರ ಕಳಿಸು. ಗಿರಾಕಿ ಕಾಲಿಗೆ ಬಿದ್ದರೂ ಅದರ ಮೇಲೆ ಮುಚ್ಚಬೇಡ.

ಆಯಮ್ಮನನ್ನು ಕಳಿಸು ಎಂದಿದ್ದೀಯ. ಅವರ ಕಥೆ ಕೇಳು. ಹಸುಗೂಸುಗಳ ವಾರ್ಡಿನಲ್ಲಿ ಹದಿನೆಂಟು ವರ್ಷ ಇದ್ದವರು. ಹದಿನಾಲ್ಕು ತಿಂಗಳ ಹಿಂದೆ ಅಲ್ಲಿ ಮೂರು ಕೂಸುಗಳಿಗೆ ಒಂದೇ ಸಲ ಕಾಯಿಲೆ ಬಂತು. ಎರಡು ಉಳಿದವು. ಎಂಟು ದಿನದ ಒಂದು ಹೆಣ್ಣು ಕೂಸು ಹೋಯಿತು. ಹುಡುಕಿದಾಗ ಅದೇ ರೋಗಾಣು ಕೈತೊಳೆಯುವ ಸಿಂಕಿನಲ್ಲಿ ಸಿಕ್ಕಿತು. ಸಿಂಕು ತೊಳೆಯುವವರು ಆಯಮ್ಮ. ಕೆಲಸದಿಂದ ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಆದರೆ ಎಮ್ಮೆ ಆ ಬರೆ ತನ್ನದೇ ಎಂದು ನಂಬಿಕೊಂಡಿದೆ. ನನ್ನ ಸಿಂಕನ್ನು ದಿನಕ್ಕೆ ಆರು ಸಲ ತೊಳೆಯುತ್ತಾರೆ. ತೊಳೆಯುವಾಗ ಬಾಯಲ್ಲಿ ಎಣಿಸುತ್ತಾರೆ. ವಾರ್ಡಿನಲ್ಲಿ ಅರವತ್ತು ಎಣಿಸಿ ಎಂದು ಕಲಿಸಿದ್ದರಂತೆ. ಅರವತ್ತಕ್ಕೆ ನಿಲ್ಲಿಸುವುದಿಲ್ಲ.

ಅವರ ಮಗಳಿಗೆ ಹೆರಿಗೆಯಾಗಿ ಹನ್ನೆರಡು ದಿನವಾಯಿತು. ಮನೆ ಇದೇ ಊರಿನಲ್ಲಿ, ಮೂರು ಬಸ್ ಸ್ಟಾಪಿನಾಚೆ. ಆಯಮ್ಮ ಹೋಗಿಲ್ಲ. ಮೊಮ್ಮಗುವನ್ನು ಮುಟ್ಟುವುದಿಲ್ಲವಂತೆ.

ನಿನ್ನ ನರ್ಸ್ ಏನಾದಳು?

ಅಕ್ಕ


ಏಪ್ರಿಲ್ ೧೨

ಅಕ್ಕಾ,

ಕಿವಿಯನ್ನು ಡಾಕ್ಟರಿಗೆ ತೋರಿಸು. ಅಥವಾ ಒಂದು ವಾರ ಬೀಗ ಹಾಕಿ ಇಲ್ಲಿಗೆ ಬಾ. ಇಪ್ಪತ್ತು ವರ್ಷ ಬೆರಳುಗಳ ಮೇಲೆ ಬಗ್ಗಿ ಬಗ್ಗಿ ನಿನಗೆ ತಲೆ ಸುಸ್ತಾಗಿದೆ ಎಂದು ಮನೆಯವರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಆಯಮ್ಮನ ವಿಷಯ ಓದಿ ಅಳು ಬಂತು. ಪಾಪ. ಆದರೆ ಒಂದು ಮಾತು. ಎಮ್ಮೆ ಯಾರೆಂದು ಬರೆದಿದ್ದೀಯ. ಎತ್ತು ಯಾರು? ನಿನಗೆ ಗೊತ್ತಿರುವ ಹಾಗಿದೆ. ಗೊತ್ತಿದ್ದರೆ ಅವರಿಗೆ ಹೇಳಬಾರದೇ?

ನನ್ನ ನರ್ಸ್ ಮತ್ತೆ ಬರಲಿಲ್ಲ. ಬಂದರೂ ಹಾಕುವುದಿಲ್ಲ, ಆಯಿತಾ? ಇಷ್ಟಕ್ಕೆಲ್ಲಾ ನಿದ್ದೆ ಕೆಡಿಸಿಕೊಳ್ಳಬೇಡ.

ಚೂಟಿ


ಏಪ್ರಿಲ್ ೧೮

ಚೂಟಿ,

ಎತ್ತು ನಾನು.

ಇದನ್ನು ಒಬ್ಬಳೇ ಕೂತು ಓದು.

ಮೊನ್ನೆ ಮಧ್ಯಾಹ್ನ ಆಯಮ್ಮನ ಮಗಳು ಕೂಸನ್ನು ಎತ್ತಿಕೊಂಡು ಅಂಗಡಿಗೇ ಬಂದಳು. "ನೀನು ಬರಲ್ಲ ಅಂದ್ರೆ ನಾವೇ ಬಂದ್ವಿ. ಎತ್ಕೋ ಅಮ್ಮಾ" ಎಂದು ಮುಂದೆ ಹಿಡಿದಳು. ಆಯಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಂತರು. "ಬೇಡ ಮಗಳೇ, ಈ ಕೈಯಲ್ಲಿ ಬೇಡ." ಮಗಳು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಕೂಸನ್ನು ಎದೆಗೆ ಒತ್ತಿಕೊಂಡು ಅಳುತ್ತಾ ಹೋದಳು. ಆಯಮ್ಮ ನಲ್ಲಿ ತಿರುಗಿಸಿ ಎಣಿಸತೊಡಗಿದರು. ಮುನ್ನೂರರವರೆಗೆ ನಾನೂ ಜೊತೆಯಲ್ಲಿ ಎಣಿಸಿದೆ. ಇನ್ನು ತಡೆಯಲಾಗುವುದಿಲ್ಲ.

ನಾನು ನಗುತ್ತಾ ಹೇಳಿದ್ದ ಆ ನರ್ಸ್ ಅದೇ ವಾರ್ಡಿನವಳು. ಮೊದಲ ದಿನ ಬಂದಾಗ ಕೈಯನ್ನು ಚೀಲದ ಕೆಳಗೆ ಬಚ್ಚಿಟ್ಟುಕೊಂಡಿದ್ದಳು. ರಕ್ತ ಬರುವ ಹಾಗೆ ಉಗುರು ಕಚ್ಚುತ್ತಿದ್ದಳು. "ಮಕ್ಕಳ ತಾಯಂದಿರು ನನ್ನ ಕೈ ನೋಡಿ ಮುಖ ಸಿಂಡರಿಸ್ತಾರೆ" ಎಂದಳು. ಅಯ್ಯೋ ಎನಿಸಿತು. ಅಂಥ ವಾರ್ಡಿನಲ್ಲಿ ಕೃತಕ ಉಗುರು ಯಾಕೆ ಕೂಡದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ತೊಳೆದರೂ ಅಂಚಿನಡಿಯಲ್ಲಿ ಏನಾದರೂ ಉಳಿಯುತ್ತದೆ. ಗೊತ್ತಿದ್ದೂ ಹಾಕಿದೆ, ಯಾಕೆಂದರೆ ಅಷ್ಟು ತೆಳುವಾಗಿ, ಅಷ್ಟು ನಿಜವಾಗಿ ಹಾಕುವವಳು ಈ ಊರಿನಲ್ಲಿ ನಾನೊಬ್ಬಳೇ. ಅವಳ ಹೆಡ್ ನರ್ಸ್ ಕೈ ಹಿಡಿದು ನೋಡಿ "ಕಚ್ಚೋದು ಬಿಟ್ಟೆಯಲ್ಲ, ಎಷ್ಟು ಅಚ್ಚುಕಟ್ಟಾಗಿ ಇಟ್ಕೊಂಡಿದ್ದೀಯ!" ಎಂದರಂತೆ. ಅದನ್ನು ಹೇಳಿ ಅವಳು ನಕ್ಕಳು, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ಈಗಲೂ ಕೇಳುತ್ತದೆ, ಚೂಟಿ. ಅಂಗಡಿಯಲ್ಲಿ ಯಾರು ನಕ್ಕರೂ ಅದೇ ಕೇಳುತ್ತದೆ.

ಮಂಗಳವಾರ ನಾಲ್ಕು ಗಂಟೆ ಅವಳದು. ಮೂರು ವಾರಕ್ಕೆ ಬರಬೇಕಾದವಳು ಒಂದು ಸಲ ಐದು ವಾರಕ್ಕೆ ಬಂದಳು. ಎಡಗೈಯ ಉಂಗುರ ಬೆರಳು ತಟ್ಟಿದರೆ ಡಬ್ ಎಂದಿತು. ಎದ್ದ ಅಂಚನ್ನು ಉಜ್ಜಿ ನೋಡಿದರೆ ಕೆಳಗೆ ಸಾಸಿವೆ ಕಾಳಿನಷ್ಟು ಹಸಿರು. ಪೂರ್ತಿ ತೆಗೆಯಬೇಕು ಎಂದೆ. "ಐದಕ್ಕೆ ಡ್ಯೂಟಿ ಇದೆ ಮೇಡಂ. ತೆಗೆದ್ರೆ ಮೊಂಡು ಬೆರಳು ಎಲ್ರಿಗೂ ಕಾಣುತ್ತೆ. ಇದೊಂದ್ಸಲ ಮುಚ್ಚಿಬಿಡಿ" ಎಂದಳು. ಮುಚ್ಚಿದೆ. ಮುಚ್ಚಿ, ಹೊಳಪು ಕೊಟ್ಟು, ದೀಪಕ್ಕೆ ಹಿಡಿದು ನೋಡಿದೆ. ಬಹಳ ಚೆನ್ನಾಗಿ ಬಂದಿತ್ತು.

ಎರಡು ವಾರ ಕಳೆದು ಮಂಗಳವಾರ ಮತ್ತೆ ಬಂದಳು. ಕೂರುವ ಮೊದಲೇ ಎರಡೂ ಕೈ ಟವೆಲಿನ ಮೇಲೆ ಇಟ್ಟಳು. "ಎಲ್ಲಾ ತೆಗೀರಿ. ನಾಳೆ ಎಲ್ರ ಕೈಯಿಂದ ಪರೀಕ್ಷೆಗೆ ತಗೊಳ್ತಾರೆ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಕೂಸು ಹೋದದ್ದು ಬೆಳಿಗ್ಗೆಯೇ ಊರೆಲ್ಲಾ ಸುದ್ದಿಯಾಗಿತ್ತು. ಹತ್ತಿಗೆ ಅಸಿಟೋನ್ ಹಾಕಿ ಹತ್ತು ಬೆರಳಿಗೂ ಸುತ್ತಿದೆ. ಇಪ್ಪತ್ತು ನಿಮಿಷ ಹಾಗೇ ಬಿಟ್ಟೆ. ಬಿಚ್ಚಿದರೆ ಉಂಗುರ ಬೆರಳಿನ ಅರ್ಧ ಉಗುರು ಹಸಿರಾಗಿತ್ತು. ಕಾಣದ ಹಾಗೆ ಉಜ್ಜಿದೆ. ಹತ್ತಿ, ಫೈಲ್, ಪುಡಿ ಎಲ್ಲವನ್ನೂ ಚೀಲಕ್ಕೆ ಹಾಕಿ ಕಸದ ಗಾಡಿಗೆ ನಾನೇ ಕೊಟ್ಟು ಬಂದೆ. ಮರುದಿನ ಅವಳ ಕೈಯಲ್ಲಿ ಏನೂ ಸಿಗಲಿಲ್ಲ. ಸಿಂಕಿನಲ್ಲಿ ಸಿಕ್ಕಿತು.

ಬೆರಳಿನಿಂದ ಸಿಂಕಿಗೆ ಹೋಯಿತೋ, ಸಿಂಕಿನಿಂದ ಬೆರಳಿಗೆ ಬಂತೋ, ಎರಡೂ ಬೇರೆ ಬೇರೆಯೋ, ಯಾರಿಗೂ ಗೊತ್ತಿಲ್ಲ. ಗೊತ್ತಾಗಲು ಇದ್ದ ಒಂದೇ ದಾರಿಯನ್ನು ನಾನು ಉಜ್ಜಿ ಹಾಕಿದೆ. ಕೂಸನ್ನು ಕೊಂದವಳು ನಾನು ಎಂದು ಹೇಳಲೂ ನನಗೆ ಆಧಾರವಿಲ್ಲ, ಅಲ್ಲ ಎನ್ನಲೂ ಆಧಾರವಿಲ್ಲ. ಹದಿನಾಲ್ಕು ತಿಂಗಳಿಂದ ಈ ಎರಡರ ನಡುವೆ ಓಡಾಡುತ್ತಿದ್ದೇನೆ.

ಅವಳು ತಿಂಗಳೊಳಗೆ ಕೆಲಸ ಬಿಟ್ಟು ಬೇರೆ ಊರಿಗೆ ಹೋದಳು. ನಿನ್ನ ಕಾಗದದಲ್ಲಿ ನರ್ಸ್ ಎಂದು ಓದಿದಾಗ ಅವಳೇ ನಿನ್ನ ಹತ್ತಿರ ಬಂದಳೆಂದುಕೊಂಡೇ ಹುಬ್ಬಿನ ಗಾಯ ಕೇಳಿದ್ದು. ಅದಕ್ಕೂ ಮೊದಲೇ ಆಯಮ್ಮ ಕೆಲಸ ಕೇಳಿಕೊಂಡು ನನ್ನ ಬಾಗಿಲಿಗೇ ಬಂದಿದ್ದರು ನೋಡು. ಬೇರೆ ಯಾವ ಬಾಗಿಲೂ ಸಿಗಲಿಲ್ಲವೇ ಆ ದೇವರಿಗೆ? ಪುಣ್ಯ ಬರುತ್ತದೆ ಎಂದು ಇಟ್ಟುಕೊಂಡೆ. ಈಗ ದಿನಾ ಅವರ ಮುಖ ನೋಡಬೇಕು.

ಹೇಳಿದರೆ ಅಂಗಡಿ ಹೋಗುತ್ತದೆ. ಹೇಳದಿದ್ದರೆ ಅವರು ಮೊಮ್ಮಗುವನ್ನು ಮುಟ್ಟುವುದಿಲ್ಲ. ಇಷ್ಟು ಸುಲಭದ ಲೆಕ್ಕ. ಆದರೂ ಬಾಯಿ ಬರುತ್ತಿಲ್ಲ.

ಅಕ್ಕ


ಏಪ್ರಿಲ್ ೨೩

ಅಕ್ಕಾ,

ನಾನು ಸುಳ್ಳು ಬರೆದಿದ್ದೆ. ಆ ನರ್ಸ್ ಬಂದಿದ್ದಳು. ನೀನು ಹೇಳಿಕೊಡದಿದ್ದರೆ ಏನಂತೆ, ನಾನೇ ಮಾಡಿ ತೋರಿಸುತ್ತೇನೆ ಎಂಬ ಹಟದಿಂದ ಹಾಕಿಬಿಟ್ಟಿದ್ದೆ. ಚೆನ್ನಾಗಿಯೂ ಬಂದಿತ್ತು. ನಿನ್ನ ಹಸಿರಿನ 'ಪಾಠ' ಬಂದಾಗಲೇ ಹೇಳಬೇಕಿತ್ತು. ಹೇಳಲು ನಾಚಿಕೆಯಾಯಿತು.

ನಿನ್ನ ಕಾಗದ ಅರ್ಧ ಓದಿ ಎದ್ದೆ. ಅಂಗಡಿಗೆ ಬೀಗ ಹಾಕಿ, ಅಸಿಟೋನ್, ಹತ್ತಿ, ಫಾಯಿಲ್ ಚೀಲಕ್ಕೆ ತುಂಬಿ ಅವಳ ಮನೆಗೆ ಹೋದೆ. ಬಟ್ಟೆ ಒಣಹಾಕುತ್ತಿದ್ದಳು. "ಇವತ್ತೇ ತೆಗೀಬೇಕು, ಈಗಲೇ" ಎಂದೆ. "ನಿಮಗೇನು ತಲೆಗಿಲೆ ಕೆಟ್ಟಿದ್ಯಾ? ಎಲ್ಲಾ ಗಟ್ಟಿಯಾಗೇ ಇದೆಯಲ್ಲ" ಎಂದು ರೇಗಿದಳು. ನಿನ್ನ ಊರು, ನಿನ್ನ ಗುರುತು ಏನೂ ಹೇಳದೆ, ಒಂದು ಕೂಸು ಹೋಯಿತು ಎಂದಷ್ಟೇ ಹೇಳಿದೆ. ಅವಳು ಒಗೆದ ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಕೈ ಇಟ್ಟಳು. ಹತ್ತನ್ನೂ ತೆಗೆದೆ. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದೆ. ಎಲ್ಲೂ ಹಸಿರಿಲ್ಲ. ನನ್ನ ಜೀವ ವಾಪಸ್ ಬಂತು.

ಅವಳು ನಿನ್ನವಳಲ್ಲ. ಉಗುರು ಕಚ್ಚುವುದಿಲ್ಲ, ಹುಬ್ಬಿನಲ್ಲಿ ಗಾಯವಿಲ್ಲ. ಬರುವ ತಿಂಗಳು ತಂಗಿಯ ಮದುವೆ, ಚೆನ್ನಾಗಿ ಕಾಣಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಅಕ್ಕಾ, ನಿನ್ನ ಮೇಲೆ ಸಿಟ್ಟು ಬಂದಿದೆ. ಇದನ್ನು ಮಾರ್ಚ್‌ನಲ್ಲೇ ಬರೆದಿದ್ದರೆ ನಾನು ಹಾಕುತ್ತಲೇ ಇರಲಿಲ್ಲ. ಈ ಹತ್ತೊಂಬತ್ತು ದಿನ ಅವಳು ಎಷ್ಟು ಕೂಸುಗಳನ್ನು ಎತ್ತಿದಳೋ. ನಿನ್ನ ಮೌನ ನಿನ್ನ ಅಂಗಡಿಯೊಳಗೇ ಇರುತ್ತದೆ ಎಂದುಕೊಂಡಿದ್ದೆಯಾ? ಅದು ಇಲ್ಲಿಯವರೆಗೆ ಬಂದಿತ್ತು.

ಅಂಗಡಿ ಹೋದರೆ ಇಲ್ಲಿ ಎರಡನೇ ಕುರ್ಚಿ ಇದೆ. ಹೋಗಿ ಹೇಳು. ನಾನು ಸಣ್ಣವಳು, ನಿನಗೆ ಬುದ್ಧಿ ಹೇಳಬಾರದು. ಆದರೂ ಹೇಳುತ್ತೇನೆ. ಈ ಕಾಗದ ಮಡಚಿಟ್ಟು ಹೋಗಿ ಹೇಳು.

ಚೂಟಿ


ಮೇ ೨

ಚೂಟಿ,

ನಿನ್ನ ನರ್ಸ್ ಅವಳಲ್ಲ ಎಂದು ತಿಳಿದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನನ್ನಂಥವರೂ ಅವಳಂಥವರೂ ಎಷ್ಟು ಊರಿನಲ್ಲಿದ್ದಾರೋ ಎನಿಸಿತು. ಸಿಟ್ಟು ಇಟ್ಟುಕೊಂಡಿರು. ಅದು ನ್ಯಾಯವಾದದ್ದು.

ನಿನ್ನ ಕಾಗದ ಬಂದ ದಿನವೇ ಹೇಳಿದೆ. ಗಿರಾಕಿಗಳು ಇರಲಿಲ್ಲ. ಆಯಮ್ಮ ಬಟ್ಟಲು ತೊಳೆಯುತ್ತಿದ್ದರು. ಅವರ ಬೆನ್ನಿಗೇ ಹೇಳಿದೆ, ಮುಖಕ್ಕೆ ಹೇಳುವ ಧೈರ್ಯ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ, ನಿನಗೆ ಬರೆದ ಹಾಗೇ. ನಡುವೆ ಅವರು ನಲ್ಲಿ ನಿಲ್ಲಿಸಿದರು. ನಾನು ಮುಗಿಸಿದ ಮೇಲೂ ತಿರುಗಲಿಲ್ಲ.

"ಯಾವ ಬೆರಳು?" ಎಂದರು.

"ಉಂಗುರದ ಬೆರಳು."

"ಎಡಗೈಯೋ, ಬಲಗೈಯೋ?"

"ಎಡಗೈ."

"ಹಾಗಾದ್ರೆ ನನ್ನ ಸಿಂಕಿಂದ ಅಲ್ವಾ?"

ಹೌದು, ಅಲ್ಲವೇ ಅಲ್ಲ, ನಿಮ್ಮಿಂದಲ್ಲ ಎಂದುಬಿಡುವ ಆಸೆಯಾಯಿತು. ಅಂದಿದ್ದರೆ ಅವರಿಗೂ ಸುಖ, ನನಗೂ ಶಿಕ್ಷೆ ಅನುಭವಿಸಿದ ಸುಖ. ಆದರೆ ಸಾಕಷ್ಟು ಮುಚ್ಚಿಯಾಗಿದೆ. "ಗೊತ್ತಿಲ್ಲ ಆಯಮ್ಮ. ಇರಬಹುದು, ಇಲ್ಲದಿರಬಹುದು. ಗೊತ್ತಾಗೋ ದಾರೀನ ನಾನೇ ಹಾಳು ಮಾಡಿದೆ" ಎಂದೆ.

ಅವರು ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತರು. ಆರೇಳು ತಿಂಗಳಲ್ಲಿ ಒಂದು ದಿನವೂ ಅಲ್ಲಿ ಕೂತವರಲ್ಲ. ಕೈಗಳನ್ನು ಮೇಜಿನ ಮೇಲೆ ಇಟ್ಟರು. ಬ್ಲೀಚಿನಲ್ಲಿ ಬೆಂದು ಗೆರೆಗಳೇ ಅಳಿಸಿಹೋದ ಕೈಗಳು. ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು.

"ಹದಿನಾಲ್ಕು ತಿಂಗಳು ಪೂರ್ತಿ ನಾನೊಬ್ಬಳೇ ಹೊತ್ತೆ ಮೇಡಂ. ಇನ್ಮೇಲೆ ಅರ್ಧ ನೀವು ಹೊತ್ಕೊಳ್ಳಿ" ಎಂದರು.

ಮರುದಿನ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದೆವು. ಆಡಳಿತದ ಅಧಿಕಾರಿ ನನ್ನ ಮುಖ ನೋಡಿ "ಯೋಚನೆ ಮಾಡಿ ಬರೀರಿ. ಬರೆದ್ಮೇಲೆ ಅಂಗಡಿ ಉಳಿಯಲ್ಲ" ಎಂದರು. ಬರೆದೆ. ನರ್ಸಿನ ಹೆಸರು, ಅವಳು ಬಂದ ತಾರೀಖುಗಳು, ಮುಚ್ಚಿದ ದಿನ, ತೆಗೆದ ದಿನ, ಎಲ್ಲಾ. ವಿಚಾರಣೆ ಮತ್ತೆ ತೆರೆಯಬಹುದು, ಕರೆಸುತ್ತೇವೆ ಎಂದರು. ಆಯಮ್ಮನ ಕಡೆ ಅವರು ತಿರುಗಿಯೂ ನೋಡಲಿಲ್ಲ, ಕ್ಷಮಿಸಿ ಎನ್ನಲೂ ಇಲ್ಲ. ನನಗೆ ಮೈ ಉರಿಯಿತು. ಆಯಮ್ಮ ಮಾತ್ರ ಎದ್ದು ಅವರಿಗೆ ನಮಸ್ಕಾರ ಮಾಡಿ ಹೊರಗೆ ಬಂದರು.

ಬಸ್ಸಿನಲ್ಲಿ ಮಗಳ ಮನೆಯ ಸ್ಟಾಪು ಬಂತು. "ಇಳೀರಿ, ಕೂಸನ್ನ ನೋಡ್ಕೊಂಡು ಬನ್ನಿ" ಎಂದೆ. ಇಳಿಯಲಿಲ್ಲ. "ಈಗ ಬೇಡ. ಮೊದ್ಲು ಆ ತಾಯಿ ಹತ್ರ" ಎಂದರು. ಯಾವ ತಾಯಿ ಎಂದು ನಾನು ಕೇಳಬೇಕಾಗಿರಲಿಲ್ಲ. ಕೂಸು ಕಳೆದುಕೊಂಡವಳ ಮನೆ ಅವರಿಗೆ ಗೊತ್ತಂತೆ. ತಿಂಗಳಿಗೊಂದು ಸಲ ಆ ಬೀದಿಯ ತುದಿಯವರೆಗೆ ಹೋಗಿ, ಬಾಗಿಲು ನೋಡಿ, ವಾಪಸ್ ಬರುತ್ತಿದ್ದರಂತೆ. ಬಾಗಿಲಿಗೆ ಬಣ್ಣ ಬದಲಾದದ್ದೂ ಗೊತ್ತು, ಮೆಟ್ಟಿಲಿನ ಪಕ್ಕ ಹೂವಿನ ಕುಂಡ ಇಟ್ಟದ್ದೂ ಗೊತ್ತು. ತಟ್ಟುವ ಧೈರ್ಯ ಬಂದಿರಲಿಲ್ಲ.

ಇವತ್ತು ಹೋಗುತ್ತಿದ್ದೇವೆ. ಅಂಗಡಿಯ ಬಾಗಿಲು ಹಾಕಿದ್ದೇನೆ, ಇದನ್ನು ಗಲ್ಲಾದ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಭಯವಾಗುತ್ತಿದೆ ಚೂಟಿ. ಅಧಿಕಾರಿಯ ಮುಂದೆ ಹೀಗಾಗಿರಲಿಲ್ಲ. ಅಲ್ಲಿ ಹೋಗಿ ಏನು ಹೇಳಲಿ ಎಂದು ಈಗಷ್ಟೇ ಆಯಮ್ಮನನ್ನು ಕೇಳಿದೆ.

"ಏನೂ ಜೋಡಿಸಿಟ್ಕೋಬೇಡಿ. ಒಳಗೆ ಕರೆದ್ರೆ ಕೂತ್ಕೊಳ್ಳಿ, ಕರೀದಿದ್ರೆ ಹೊಸಿಲಲ್ಲೇ ನಿಂತ್ಕೊಳ್ಳಿ. ಅವಳು ಎಷ್ಟು ಕೇಳ್ತಾಳೋ ಅಷ್ಟಕ್ಕೂ ಉತ್ತರ ಹೇಳಿ. ಸಾಕು ಅಂತ ಅವಳು ಹೇಳ್ಬೇಕು, ನಾವಲ್ಲ" ಎಂದರು.

ಹೊರಗೆ ನಿಂತು ಕಾಯುತ್ತಿದ್ದಾರೆ. ಹೊರಟೆ.

ಅಕ್ಕ